‘ನಾಳೆ’ ಹೇಳಲಿಕ್ಕೆ ಒಬ್ಬ ಸಾಹೇಬ

ರೋಣದಲ್ಲಿ ಯಂತ್ರಕ್ಕೆ ಸುಳ್ಳು ಹೇಳಲು ಕಲಿಸಿದ ಮೊದಲ ಮನುಷ್ಯ ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ನಮ್ಮ ಕಾಕಾನ ಕಡೆ ಬೆರಳು ತೋರಿಸುತ್ತೇನೆ. ದೊಡ್ಡ ಸುಳ್ಳೇನಲ್ಲ, ಒಂದೇ ಶಬ್ದದ್ದು: ನಾಳೆ!

ಕಾಕಾ ಟೇಲರ್. ಅವನು ಹೊಲಿದ ರವಿಕೆ, ನಮ್ಮ ಬಾಯಲ್ಲಿ ಜಂಪರ್, ಒಮ್ಮೆ ತೊಟ್ಟವರು ಬೇರೆ ಟೇಲರ್‌ನ ಮುಖ ನೋಡುವುದಿಲ್ಲ. ನರಗುಂದದಿಂದ, ಗಜೇಂದ್ರಗಡದಿಂದ ಬಸ್ಸು ಹತ್ತಿ ಬರುತ್ತಾರೆ. ಒಂದೇ ಬಟ್ಟೆಗೆ ಹತ್ತಾರು ಸಲ ಬರಬೇಕಾಗುತ್ತದೆ ಎಂಬುದಷ್ಟೇ ತೊಂದರೆ! ದೀಪಾವಳಿಗೆ ಕೊಟ್ಟದ್ದು ಯುಗಾದಿಗೆ ಕೈಗೆ ಸಿಕ್ಕರೆ ಅವರ ಪುಣ್ಯ. ನಾನು ಅದೇ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತ, ಜಂಪರ್‌ಗೆ ಹುಕ್ ಹಾಕುತ್ತ ಕೂಡುವ ಅವನ ಅಣ್ಣನ ಮಗಳು. ಗಿರಾಕಿಗಳ ಬೈಗುಳ ತಿನ್ನುವುದೂ ನನ್ನ ಕೆಲಸದಲ್ಲೇ ಸೇರಿದೆ.

ಮೊದಲು ಆ ಭಾಗ್ಯ ಚಿಗವ್ವನದಾಗಿತ್ತು. ಚಿಗವ್ವ ಎಂದರೆ ಕಾಕಾನ ಹೆಂಡತಿ. ಯಾರ ಬಟ್ಟೆ ಯಾವ ಗಂಟಿನಲ್ಲಿದೆ, ಯಾರ ಮನೆಯ ಮದುವೆ ಹತ್ತಿರ ಬಂತು, ಎಲ್ಲ ಅವಳ ನೆನಪಿನಲ್ಲಿರುತ್ತಿತ್ತು. ಅವಳು ಬೆನ್ನು ಹತ್ತದಿದ್ದರೆ ಕಾಕಾನ ಮಷಿನ್ನು ಗರ್ ಎನ್ನುತ್ತಲೇ ಇರಲಿಲ್ಲ. ಇಂಥ ಚಿಗವ್ವ ತನ್ನ ಅಣ್ಣನ ಮಗನ ಮದುವೆಗೆಂದು ಗುಳೇದಗುಡ್ಡದ ಖಣದ ಬಟ್ಟೆ ತರಿಸಿ ಗಂಡನ ಮುಂದಿಟ್ಟಳು. ಜಂಪರ್ ಹೊಲಿದುಕೊಡಬೇಕಿತ್ತು, ಅಷ್ಟೇ. ಕಾಕಾ ತನ್ನ ಕುಲಧರ್ಮ ಬಿಡಲಿಲ್ಲ. “ನಾಳಿ ಕೊಡ್ತೇನಿ ತಗೋ” ಎಂದ. ಮದುವೆಯ ದಿನ ಬಂತು, ನಾಳೆ ಬರಲಿಲ್ಲ! ಚಿಗವ್ವ ಭುಜದಲ್ಲಿ ಪಿಸಿದುಹೋದ ಹಳೇ ಜಂಪರ್ ತೊಟ್ಟು ಜಕ್ಕಲಿಯ ತವರಿಗೆ ಹೋದಳು. ಟೇಲರ್‌ನ ಹೆಂಡತಿ, ಹರಕು ಜಂಪರ್! ಮದುವೆ ಮುಗಿದು ಬೀಗರೆಲ್ಲ ತಿರುಗಿ ಹೋದರೂ ಅವಳು ರೋಣಕ್ಕೆ ಬರಲಿಲ್ಲ.

“ಕಾಕಾ, ನೀ ಹೋಗಿ ಕರಕೊಂಡು ಬಾ” ಎಂದೆ.

“ಸಿಟ್ಟು ಇಳೀಲಿ. ನಾಳಿ ನೋಡೂಣು” ಎಂದ. ಇಂಥವನಿಗೆ ಏನು ಹೇಳಬೇಕು, ಹೇಳಿ? ದಿನಗಳು ಹೋದವು. ಅಂಗಡಿಯಲ್ಲಿ ಯಾವ ಗಂಟು ಯಾರದೆಂದು ದೇವರಿಗೂ ತಿಳಿಯದಂತಾಯಿತು. ಚಿಗವ್ವ ಇನ್ನು ಬರುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆ ಹತ್ತಿತು. ಕಾಕಾನಿಗೂ ಹತ್ತಿತ್ತು ಎಂದು ಕಾಣುತ್ತದೆ, ಆದರೆ ಆ ಮನುಷ್ಯ ಹೆದರಿಕೆಗೆ ಮಾಡಿದ ಔಷಧಿಯೇ ಬೇರೆ!

ಫೋನಿನಲ್ಲಿ ಏನೋ ವಿಡಿಯೋ ನೋಡಿದ. ದೊಡ್ಡ ಕಂಪನಿಗಳು ಕೆಲಸದ ಮೇಲೆ ಕಣ್ಣಿಡಲು ಬಳಸುವ ಸಾಫ್ಟ್‌ವೇರ್ ಅಂತೆ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಕೆಲಸ ಮುಂದೆ ಹೋದಂತೆ ಚೀಟಿಯನ್ನು ಪರದೆಯ ಮೇಲಿನ ಒಂದು ಮನೆಯಿಂದ ಇನ್ನೊಂದು ಮನೆಗೆ ಸರಿಸಬೇಕು. ಅದರೊಳಗೆ ಒಬ್ಬ ಎಐ ಸಹಾಯಕ. ‘ಹೀಗಾದರೆ ಹಾಗೆ ಮಾಡು’ ಎಂದು ಬಾಯಲ್ಲಿ ಹೇಳಿದರೆ ಸಾಕು, ಅದನ್ನೇ ನಿಯಮ ಮಾಡಿಕೊಂಡು ತಾನಾಗಿಯೇ ನಡೆಸುತ್ತದೆ. ಕಾಕಾ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು ಐದು ಮನೆ ಮಾಡಿಸಿದ: ಅಳತಿ, ಕತ್ರಿ, ಹೊಲಿಗಿ, ಹುಕ್-ಗುಂಡಿ, ತಯಾರ. ಸಹಾಯಕನಿಗೆ ‘ಸಾಹೇಬ್ರು’ ಎಂದು ಹೆಸರಿಟ್ಟ. “ಸಾಹೇಬ್ರ, ನಮಸ್ಕಾರ್ರಿ. ಚಹಾ ಆತೇನ್ರಿ?” ಎಂದು ಕೇಳಿದ ಮೇಲೆಯೇ ಕೆಲಸದ ಮಾತು. ಇಷ್ಟು ವರ್ಷ ಎದುರಿಗೆ ಕೂತ ನನಗೆ ಒಂದು ದಿನವೂ ಚಹಾ ಆಯಿತೇ ಎಂದು ಕೇಳಿದವನಲ್ಲ!

“ಸಾಹೇಬ್ರ, ಒಂದ ಹುಕುಂ ಬರಕೋರಿ. ಚೀಟಿ ಮುಂದಿನ ಮನಿಗೆ ಹೋತಂದ್ರ ಗಿರಾಕಿಗೆ ಲಗೂನ ಸುದ್ದಿ ಮುಟ್ಟಬೇಕು.”

“ಖಂಡಿತ! ನಿಮ್ಮ ನಿಯಮವನ್ನು ಸಿದ್ಧಪಡಿಸಿದ್ದೇನೆ” ಎಂದರು ಸಾಹೇಬರು, ಪಠ್ಯಪುಸ್ತಕದ ಕನ್ನಡದಲ್ಲಿ.

ಮರುದಿನವೇ ಗಜೇಂದ್ರಗಡದ ಟೀಚರ್‌ಬಾಯಿ ಫೋನ್ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. “ಹೋದ ವಾರ ಬರೇ ಹುಕ್ ಹಚ್ಚೂದು ಉಳದೇತಿ ಅಂದಿದ್ರಿ. ಇವತ್ತ ‘ನಿಮ್ಮ ಬಟ್ಟಿ ಕತ್ರಿಗೆ ಹೋಗೇತಿ’ ಅಂತ ಬಂದೇತಿ! ನನ್ನ ಜಂಪರ ಹಿಂದ ಹಿಂದ ನಡಕೋತ ಹೊಂಟೇತೇನ್ರಿ?”

ಕಾಕಾ ಆ ಕಡೆ ಮುಖ ಮಾಡಿ ದಾರ ಪೋಣಿಸತೊಡಗಿದ. ಬೈಸಿಕೊಂಡವಳು ನಾನು. ಅವರು ಹೋದ ಮೇಲೆ ತೀರ್ಪು ಕೊಟ್ಟ: “ಸಾಹೇಬ್ರು ಭಾಳ ಪ್ರಾಮಾಣಿಕ ಮನಷ್ಯಾ ಅದಾರ. ಧಂದೆಕ್ಕ ಆಗಿ ಬರೂದಿಲ್ಲ.”

ಹೀಗೆ ಸಾಹೇಬರನ್ನು ದಾರಿಗೆ ತರುವ ಕೆಲಸ ಶುರುವಾಯಿತು. ಎರಡನೆಯ ಹುಕುಂ: ಹೇಳಿದ ದಿನಕ್ಕೆ ಬಟ್ಟೆ ತಯಾರಾಗದಿದ್ದರೆ ದಿನಾಂಕವನ್ನು ಒಂದು ದಿನ ಮುಂದಕ್ಕೆ ಹಾಕಿ, ಗಿರಾಕಿಗೆ ‘ನಾಳಿ ಬರ್ರಿ’ ಎಂದು ಕಳಿಸಬೇಕು. ದಿನಾ ಮುಂಜಾನೆ. ಸಾಹೇಬರಿಗೂ ಒಂದು ಸಂಶಯ ಬಂತು. “ಇದರಿಂದ ಕೆಲವು ಕೆಲಸಗಳು ಎಂದಿಗೂ ಮುಗಿಯದೆ ಹೋಗಬಹುದು. ಮುಂದುವರಿಯಲೇ?” ಎಂದು ಕೇಳಿದರು.

“ಮುಂದುವರೀರಿ ಸಾಹೇಬ್ರ!” ಎಂದ ಕಾಕಾ, ದೊಡ್ಡ ಮನಸ್ಸಿನಿಂದ.

ಅಲ್ಲಿಂದ ದಿನಾ ಚಹಾದ ಹೊತ್ತಿಗೆ ಅರ್ಧ ರೋಣದ ಫೋನುಗಳು ಒಟ್ಟಿಗೇ ಗುಂಯ್‌ಗುಡತೊಡಗಿದವು. ನರಗುಂದದ ಒಬ್ಬ ಯಜಮಾನರಂತೂ ತಮ್ಮ ಅಂಗಿಯನ್ನು ಆಗಲೇ ಒಯ್ದಿದ್ದರು. ಚೀಟಿ ಸರಿಸುವುದನ್ನು ಕಾಕಾ ಮರೆತಿದ್ದ. ಪಾಪ, ಅದೇ ಅಂಗಿ ತೊಟ್ಟು ಬಸ್ಸು ಹತ್ತಿ ಬಂದರು. “ದಿನಾ ನಾಳಿ ಬರ್ರಿ, ನಾಳಿ ಬರ್ರಿ ಅಂತೀರಿ. ಇನ್ನೊಂದು ಅಂಗಿ ಕೊಡ್ತೀರೇನೋ ಅಂತ ಬಂದೆ” ಎಂದರು. ಅವರ ಮುಂದೆ ಅಳಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ. ಚಹಾ ಕುಡಿಸಿ ಕಳಿಸಿದೆ.

ಮೂರನೆಯ ಹುಕುಂ ನನ್ನ ಮೇಲೆಯೇ ಬಿತ್ತು. ಯಾವ ಗಿರಾಕಿ ಸಿಟ್ಟಿನಿಂದ ಉತ್ತರ ಬರೆದರೂ ಅದು ನನ್ನ ಹೆಸರಿಗೆ ಹೊಸ ಚೀಟಿಯಾಗಿ ಬರಬೇಕು. ನಾನು ‘ಮುಗಿಯಿತು’ ಎಂದು ಒತ್ತಿದರೆ ‘ಖರೇ ಮುಗಿತೋ ಇಲ್ಲೋ ನೋಡುವುದು’ ಎಂಬ ಇನ್ನೊಂದು ಚೀಟಿ. ಅದನ್ನು ನೋಡಿ ಒತ್ತಿದರೆ ಮತ್ತೊಂದು! ಹುಕ್ ಹಾಕುವುದು ಬಿಟ್ಟು ನಾನು ಹಗಲೆಲ್ಲ ಫೋನ್ ಒತ್ತುತ್ತ ಕೂತೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಆ ಬಾಲ ನಾನು!

“ಕಾಕಾ, ನಿನ್ನ ಸಾಹೇಬ್ರು ತಾವು ಒಂದ ಹೊಲಿಗೀನೂ ಹಾಕೂದಿಲ್ಲ. ಮಂದಿಗೆ ಕೆಲಸ ಹೇಳ್ತಾರ ಅಷ್ಟ” ಎಂದು ಒದರಿದೆ.

“ಮತ್ತ? ಅದಕ್ಕ ಸಾಹೇಬ್ರು ಅನ್ನೂದು” ಎಂದ.

ಅವತ್ತು ನನಗೆ ಸಾಕುಸಾಕಾಗಿ ಹೋಯಿತು. ಚಿಗವ್ವ ಒಬ್ಬಳೇ ದಿಕ್ಕು ಎಂದು ಜಕ್ಕಲಿಗೆ ಫೋನ್ ಹಚ್ಚಿದೆ. “ಚಿಗವ್ವಾ, ನೀ ಬರಲಿಲ್ಲಂದ್ರ ನಾನೂ ಈ ಅಂಗಡಿ ಬಿಡ್ತೇನಿ ನೋಡು” ಎಂದು ಅತ್ತೇಬಿಟ್ಟೆ.

ಅವಳು ಹೇಳಿದಳು: “ನನ್ನ ಫೋನಿಗೂ ದಿನಾ ಬರ್ತದವಾ, ‘ನಿಮ್ಮ ಬಟ್ಟಿ ಇನ್ನೂ ಆಗಿಲ್ಲ, ನಾಳಿ ಬರ್ರಿ’ ಅಂತ. ಮದಲ ನಿಮ್ಮ ಕಾಕಾ ಬಾಯಿಲೆ ಹೇಳ್ತಿದ್ರು. ಸುಳ್ಳರ ಆಗಲಿ, ಅವರ ದನಿ ಇತ್ತು. ಈಗ ಅದಕ್ಕೂ ಒಂದ ಆಳು ಹಚ್ಯಾರ.”

ಆ ಖಣಕ್ಕೂ ಕಾಕಾ ಒಂದು ಚೀಟಿ ಮಾಡಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಸಾಹೇಬರು ಎಲ್ಲರಿಗೂ ಕಳಿಸಿದಂತೆ ಅವಳಿಗೂ ಕಳಿಸಿದ್ದರು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಕಾಕಾನಿಗೆ ಹೇಳಿದೆ. ಏನಾದರೂ ಚೇಷ್ಟೆ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ. ಎದ್ದು, ಗಂಟುಗಳ ತಳದಿಂದ ಆ ಖಣ ತೆಗೆದ. ಮಷಿನ್ ಮೇಲಿದ್ದ ಮಂದಿಯ ಬಟ್ಟೆಯನ್ನೆಲ್ಲ ಬದಿಗೆ ಸರಿಸಿದ. ಕತ್ತರಿಸಿ, ಹೊಲಿದು, ಹುಕ್ಕನ್ನೂ ನನ್ನ ಕೈಗೆ ಕೊಡದೆ ತಾನೇ ಹಾಕಿದ. ಹೊತ್ತು ಇಳಿಯುವ ಮೊದಲೇ ಜಂಪರ್ ತಯಾರಾಯಿತು. ಆ ಅಂಗಡಿಯಲ್ಲಿ ಒಂದು ಬಟ್ಟೆ ಕೈಗೆತ್ತಿಕೊಂಡ ದಿನವೇ ಮುಗಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಚೀಟಿಯನ್ನು ‘ತಯಾರ’ಕ್ಕೆ ಸರಿಸಲು ಬೆರಳು ಒಯ್ದವನು ಅಲ್ಲೇ ನಿಂತ. ಸರಿಸಿದರೆ ‘ಬಂದು ತಗೊಂಡು ಹೋಗ್ರಿ’ ಎಂದು ಅವಳಿಗೆ ಸುದ್ದಿ ಹೋಗುತ್ತದಲ್ಲ!

“ಸಾಹೇಬ್ರ, ಆ ಮಾತು ತಗೀರಿ. ‘ಜಂಪರ ಆಗೇತಿ. ತಗೊಂಡು ಹೋಗಬ್ಯಾಡ, ಬಾ’ ಅಂತ ಬರೀರಿ.”

“ಖಂಡಿತ! ಈ ಸಂದೇಶವನ್ನು ಎಲ್ಲ ಗ್ರಾಹಕರಿಗೂ ಕಳುಹಿಸಲೇ?”

“ಯಪ್ಪಾ, ಬ್ಯಾಡ್ರೀ! ಒಬ್ಬಾಕಿಗೆ!” ಎಂದು ಚೀರಿದ. ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಫೋನನ್ನು ನೋಡುತ್ತ ನಿಂತು, ತನ್ನಷ್ಟಕ್ಕೆ “ಇದಕ್ಕೂ ಆಳು ಹಚ್ಚಿದಂಗ ಆತು” ಎಂದ. ಜಂಪರನ್ನು ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟಿದ.

“ಕಾಕಾ, ಸಂಜಿ ಆತು. ಈಗ ಬಸ್ ಸಿಗ್ತದೋ ಇಲ್ಲೋ. ನಾಳಿ ಹೋಗು” ಎಂದೆ, ರೂಢಿಯಿಂದ.

“ನಾಳಿ ಅನಬ್ಯಾಡವಾ” ಎಂದ. ಬಸ್ ಸ್ಟ್ಯಾಂಡಿನ ಕಡೆ ಅವನು ಓಡುತ್ತಲೇ ಹೋದ. ಕಾಕಾ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಅವಸರದಲ್ಲಿ ಫೋನ್ ಮಷಿನ್ ಮೇಲೆಯೇ ಉಳಿದಿತ್ತು. ಸಾಹೇಬರು ಇನ್ನೂ ಕಾಯುತ್ತಿದ್ದರು: “ಸಂದೇಶವನ್ನು ಕಳುಹಿಸಲೇ?”

ಕಣ್ಣು ಒರೆಸಿಕೊಂಡು ನಾನೇ ಉತ್ತರ ಕೊಟ್ಟೆ. “ಬ್ಯಾಡ್ರಿ ಸಾಹೇಬ್ರ. ಕಾಕಾ ಖುದ್ದ ಹೇಳಾಕ ಹೋಗ್ಯಾನ.”