ದುಬೈ ಮಿಕ್ಸರಿನಲ್ಲಿ ನಾನು ಉಳಿಸಿದ ಹಣ

ಯಾವ ಸಾಮಾನು ಎಲ್ಲಿ ಅಗ್ಗ ಎಂಬ ವಿಷಯದಲ್ಲಿ ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಸುಜಾತಳ ಅಭಿಪ್ರಾಯ ಬೇರೆ ಇದೆ. ಅದು ಕೊನೆಗೆ ಬರುತ್ತದೆ. ಈರುಳ್ಳಿಗೆ ಕಲ್ಯಾಣ, ಸ್ಟೀಲ್ ಪಾತ್ರೆಗೆ ಠಾಣೆ ಎಂದು ನನ್ನ ತಲೆಯಲ್ಲಿ ಒಂದು ಭೂಪಟವೇ ಇದೆ. ಹತ್ತು ರೂಪಾಯಿ ಉಳಿಸುವುದಕ್ಕಾಗಿ ಹದಿನೈದು ರೂಪಾಯಿ ರಿಕ್ಷಾಕ್ಕೆ ಕೊಟ್ಟದ್ದೂ ಉಂಟು. ತತ್ವ ಮುಖ್ಯ!

ಆ ವರ್ಷ ಏಪ್ರಿಲಿನಲ್ಲಿ ನಮ್ಮ ಹಳೆಯ ಮಿಕ್ಸರ್ ಉದ್ದು ರುಬ್ಬುತ್ತಿದ್ದಾಗಲೇ ಎರಡು ಸಲ ಕೆಮ್ಮಿ, ಹೊಗೆ ಬಿಟ್ಟು, ಪ್ರಾಣವನ್ನೂ ಬಿಟ್ಟಿತು. ಅಂದೇ ಸಂಜೆ ಸುಜಾತ ನನ್ನನ್ನು ಸ್ಟೇಷನ್ ರಸ್ತೆಯ ಮಗನ್‌ಭಾಯಿಯ ಅಂಗಡಿಗೆ ಎಳೆದುಕೊಂಡು ಹೋದಳು. ಮಗನ್‌ಭಾಯಿ ಒಂದು ಮಿಕ್ಸರ್ ಎತ್ತಿಟ್ಟು, "ಬತ್ತೀಸ್ ಸೌ. ಫಿಕ್ಸ್ ರೇಟ್," ಎಂದ.

"ಮೂರು ಜಾರು, ಎರಡು ವರ್ಷದ ಗ್ಯಾರಂಟಿ. ತಗೊಳ್ಳುವ ಮಾರಾಯ್ರೆ," ಎಂದಳು ಸುಜಾತ.

ನಾನು ಕೈ ಎತ್ತಿ ತಡೆದೆ. "ಮೂರು ಸಾವಿರದ ಇನ್ನೂರಾ? ನಿನ್ನ ತಮ್ಮ ಗಣೇಶ ದುಬೈಯಲ್ಲಿ ಎಂತಕ್ಕೆ ಇರುವುದು?"

"ಕೆಲಸ ಮಾಡ್ಲಿಕ್ಕೆ," ಎಂದಳು ಸುಜಾತ.

ಅಲ್ಲಿಯೇ ನಿಂತು ದುಬೈಗೆ ಫೋನು ಹಚ್ಚಿದೆ. ಅಲ್ಲಿ ಮಿಕ್ಸರಿಗೆ ನೂರೈವತ್ತು ದಿರ್ಹಾಮ್ ಎಂದ ಗಣೇಶ. ಹನ್ನೆರಡರಿಂದ ಗುಣಿಸಿದೆ. ಸಾವಿರದ ಎಂಟುನೂರು! ಒಂದೇ ಏಟಿಗೆ ಸಾವಿರದ ನಾನೂರು ಉಳಿತಾಯ! ಗಣೇಶ ಜುಲೈಯಲ್ಲಿ ರಜೆಗೆ ಬರುವವನಿದ್ದ. ಸಾಗಾಟದ ಖರ್ಚೂ ಇಲ್ಲ. ಫೋನಿಟ್ಟ ಮೇಲೆ ಮಗನ್‌ಭಾಯಿಗೆ ನಾನು ಅಂತರರಾಷ್ಟ್ರೀಯ ವ್ಯಾಪಾರದ ಬಗ್ಗೆ ಹತ್ತು ನಿಮಿಷ ತಿಳಿಹೇಳಿದೆ. ಅವನು ಮಿಕ್ಸರಿನ ಧೂಳು ಒರೆಸಿ ಅದನ್ನು ಮತ್ತೆ ಮೇಲಿಟ್ಟ. ಮರುದಿನವೇ ಗಣೇಶನ ಉಡುಪಿಯ ಬ್ಯಾಂಕ್ ಖಾತೆಗೆ ಹಣ ಹಾಕಿದೆ.

"ಆಟಿ ತಿಂಗಳ ಊಟಕ್ಕೆ ಕೆಸುವಿನೆಲೆಯ ಪತ್ರೊಡೆ ಮಾಡ್ತೇನೆ ಅಂತ ನಮ್ಮ ಊರವರ ಸಂಘದಲ್ಲಿ ಹೇಳಿ ಆಗಿದೆ. ಎಂಬತ್ತು ಜನ. ಮಸಾಲೆ ಕಡೆಯುವುದು ನಾನು. ಆಗ ಮಿಕ್ಸರ್ ಇಲ್ಲದಿದ್ರೆ ನನ್ನ ಮರ್ಯಾದೆ ಹೋಗ್ತದೆ, ಗೊತ್ತುಂಟಲ್ಲ?" ಎಂದಳು ಸುಜಾತ.

"ಆಟಿ ಬರುವುದು ಜುಲೈ ಮಧ್ಯಕ್ಕೆ. ಮಿಕ್ಸರ್ ಬರುವುದು ಜುಲೈ ಮೊದಲಿಗೆ," ಎಂದು ರೈಲ್ವೆ ಟೈಮ್‌ಟೇಬಲ್ ಓದುವವನಂತೆ ಹೇಳಿದೆ.

ಮೂರು ತಿಂಗಳು ನಮ್ಮ ಮನೆಯ ಚಟ್ನಿ, ದೋಸೆ, ಸಾಂಬಾರು ಎಲ್ಲವೂ ಎದುರುಮನೆಯ ಮರಾಠಿ ಹೆಂಗಸು ಕುಲಕರ್ಣಿ ಕಾಕುವಿನ ಮಿಕ್ಸರಿನಲ್ಲಿ ನಡೆಯಿತು. ಪ್ರತಿ ಸಲ ಮಿಕ್ಸರಿನ ಜೊತೆ ಒಂದು ಬಟ್ಟಲು ಚಟ್ನಿಯೂ ವಾಪಸ್ ಹೋಗಬೇಕು. ಒಮ್ಮೆ ಅವರ ಮಾವಿನಹಣ್ಣಿನ ಮಿಲ್ಕ್‌ಶೇಕ್ ಖಾರವಾಯಿತಂತೆ! ನನ್ನ ಮಗಳು ಮಾತ್ರ ದಿನಾ ತಟ್ಟೆಯ ಮುಂದೆ ಕುಳಿತು, "ಪಪ್ಪಾ, ದುಬೈವಾಲಾ ಕಬ್ ಆಯೇಗಾ?" ಎಂದು ದುಬೈ ಮಿಕ್ಸರ್ ಬರುವ ದಿನ ಕೇಳುತ್ತಿದ್ದಳು. ನಾವು ಕನ್ನಡದಲ್ಲಿ ಏನೇ ಕೇಳಿದರೂ ಅವಳ ಉತ್ತರ ಹಿಂದಿಯಲ್ಲೇ.

ಜುಲೈ ಮೊದಲ ವಾರ ಮುಗಿಯುತ್ತಿರುವಾಗ ಗಣೇಶನ ಫೋನು ಬಂತು.

"ಭಾವ, ಬಂದು ಮುಟ್ಟಿದೆ."

"ಏರ್‌ಪೋರ್ಟಿಗೆ ಬರಬೇಕಾ?"

"ಯಾವ ಏರ್‌ಪೋರ್ಟು? ನಾನು ಉಡುಪಿಯ ಮನೆಯಲ್ಲಿದ್ದೇನೆ. ಈಗ ದುಬೈಯಿಂದ ಸೀದಾ ಮಂಗಳೂರಿಗೇ ವಿಮಾನ ಉಂಟಲ್ಲ ಭಾವ!"

ನಾನು ಕುರ್ಚಿಯಲ್ಲಿ ಕುಳಿತೆ. ಹಿಂದೆಲ್ಲ ಗಲ್ಫಿನಿಂದ ಬರುವ ನಮ್ಮ ಕಡೆಯವರು ಮುಂಬೈಗೆ ಇಳಿದು, ನಮ್ಮ ಮನೆಯಲ್ಲಿ ಎರಡು ದಿನ ಉಂಡು ಮಲಗಿ, ಆಮೇಲೆ ಊರಿನ ಬಸ್ಸು ಹತ್ತುತ್ತಿದ್ದರು. ಅವರ ಪೆಟ್ಟಿಗೆಗಳನ್ನು ದಾಟಿಕೊಂಡು ನಾವು ಬಚ್ಚಲಿಗೆ ಹೋಗಬೇಕಿತ್ತು. ಈಚೆಗೆ ಯಾರೂ ಬರುವುದಿಲ್ಲ ಎಂದು ನಾನು ಎಷ್ಟೋ ಸಲ ಸಂತೋಷಪಟ್ಟಿದ್ದೆ. ಯಾಕೆ ಬರುವುದಿಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ!

"ಸರಿ, ಮಿಕ್ಸರನ್ನು ಬಸ್ಸಿಗೆ ಹಾಕು," ಎಂದೆ.

ಗಣೇಶ ಸಣ್ಣ ದನಿಯಲ್ಲಿ, "ಪೆಟ್ಟಿಗೆ ಬಿಚ್ಚುವಾಗ ಎಲ್ಲರೂ ಸುತ್ತ ಕೂತಿದ್ರು ಭಾವ. ಅಮ್ಮ ತನಗೇ ತಂದದ್ದು ಅಂತ ತಿಳ್ಕೊಂಡ್ಳು. ಕುಂಕುಮ ಹಚ್ಚಿ, ಹೂ ಇಟ್ಟು ಆಯ್ತು," ಎಂದ.

ಗಲ್ಫಿನ ಪೆಟ್ಟಿಗೆಯಿಂದ ಹೊರಬಂದದ್ದೆಲ್ಲ ಉಡುಗೊರೆ. ಅದಕ್ಕೆ ಮೊದಲೇ ಹಣ ಕೊಟ್ಟವರಿರುತ್ತಾರೆ ಎಂದು ನಮ್ಮ ಕಡೆ ಯಾರೂ ನಂಬುವುದಿಲ್ಲ. ಅದರಲ್ಲೂ ಕುಂಕುಮ ಹಚ್ಚಿದ ಮೇಲೆ ಅದು ಮಿಕ್ಸರಲ್ಲ, ಮನೆದೇವರು.

ಆದರೆ ನಾನು ಸೋಲುವವನೇ? ಆಟಿಯ ಊಟ ಮುಂದಿನ ವಾರ ಭಾನುವಾರ. "ನಾನೇ ಹೋಗಿ ತರುತ್ತೇನೆ. ಶನಿವಾರ ಬೆಳಿಗ್ಗೆ ಮಿಕ್ಸರ್ ನಿನ್ನ ಅಡುಗೆಮನೆಯಲ್ಲಿರುತ್ತದೆ, ನೀನು ಧೈರ್ಯವಾಗಿ ಅಕ್ಕಿ ನೆನೆಹಾಕು," ಎಂದು ಸುಜಾತಳಿಗೆ ಭಾಷೆ ಕೊಟ್ಟು, ತತ್ಕಾಲ್ ಟಿಕೆಟಿನಲ್ಲಿ ಠಾಣೆಯಿಂದ ರೈಲು ಹತ್ತಿದೆ. ದಾರಿಯುದ್ದಕ್ಕೂ ಅತ್ತೆಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ನಯವಾಗಿರಬೇಕು, ಆದರೆ ದೃಢವಾಗಿರಬೇಕು.

ಉಡುಪಿಯ ಮನೆಯಲ್ಲಿ ಅಕ್ಕಪಕ್ಕದ ನಾಲ್ಕು ಹೆಂಗಸರು ಮಿಕ್ಸರಿನ ಸುತ್ತ ಕುಳಿತಿದ್ದರು. ನನ್ನನ್ನು ಕಂಡದ್ದೇ ಅತ್ತೆ ಎದ್ದು ನಿಂತರು.

"ಇಗೊಳ್ಳಿ, ನನ್ನ ಅಳಿಯಂದ್ರು! ಇವರೇ ದುಡ್ಡು ಕಳಿಸಿ ದುಬೈಯಿಂದ ತರಿಸಿ ಕೊಟ್ಟದ್ದು. ಗಣೇಶ ನಿನ್ನೆಯಷ್ಟೇ ಬಾಯಿಬಿಟ್ಟ. ಸ್ವಂತ ಮಗನಿಗೆ ಇಷ್ಟು ವರ್ಷ ಹೊಳೀಲಿಲ್ಲ ನೋಡಿ!"

ಹದಿಮೂರು ಗಂಟೆ ಬಾಯಿಪಾಠ ಮಾಡಿದ ಮಾತು ಗಂಟಲಿಗೆ ಬಂತು. ಹೊರಬಂದದ್ದು ಮಾತ್ರ, "ಅದೆಂತ ದೊಡ್ಡದಲ್ಲ ಅತ್ತೆ," ಎಂದು. ಗಣೇಶ ನನ್ನ ಕಣ್ಣು ತಪ್ಪಿಸಿ ತೋಟದ ಕಡೆ ನಡೆದ. ನಿಜ ಹೇಳುತ್ತೇನೆ, ಅತ್ತೆಯ ಮುಖ ನೋಡಿ ನನಗೂ ಖುಷಿಯಾಯಿತು. ಆದರೆ ಆ ಖುಷಿಯಲ್ಲಿ ಮಸಾಲೆ ಕಡೆಯಲು ಬರುವುದಿಲ್ಲವಲ್ಲ!

ಹೊರಡುವಾಗ ಅತ್ತೆ ಒಂದು ಗೋಣಿಚೀಲ ತಂದಿಡಿಸಿದರು. ಇಬ್ಬರು ಹಿಡಿದು ತಂದಿಟ್ಟರು.

"ಇದು ನಮ್ಮ ಕಡೆಯುವ ಕಲ್ಲು. ಸಣ್ಣದೇ. ಇನ್ನು ನನಗೆ ಬೇಡವಲ್ಲ, ನೀವೇ ಮಿಕ್ಸರ್ ಕೊಟ್ಟಿರಿ. ಸುಜಾತ ಚಿಕ್ಕವಳಿರುವಾಗ ಇದರಲ್ಲೇ ಕಡೆಯುತ್ತಿದ್ದದ್ದು. ತಗೊಂಡು ಹೋಗಿ, ಅವಳಿಗೆ ಕೊಡಿ!"

ಶುಕ್ರವಾರ ಸಂಜೆ ಆ ಚೀಲದೊಂದಿಗೆ ರೈಲು ಹತ್ತಿದೆ. ಉಡುಪಿಯಲ್ಲಿ ಕೂಲಿ, ಠಾಣೆಯಲ್ಲಿ ಕೂಲಿ. ಅಲ್ಲಿಂದ ಡೊಂಬಿವಲಿಗೆ ಲೋಕಲ್. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೇ ಸೀಟೂ ಸಿಗದ ಒಬ್ಬ ಮಹನೀಯರು ನನ್ನನ್ನು ಕೇಳದೆಯೇ ಕಲ್ಲಿನ ಮೇಲೆ ಕುಳಿತು ಪೇಪರ್ ಬಿಡಿಸಿದರು. ದಿವಾದಲ್ಲಿ ಅವರು ಇಳಿಯುವಾಗ ಸೀಟು ಬಹಳ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಮೆಚ್ಚಿಕೊಂಡರು. ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಮನೆ ಮೂರನೇ ಮಹಡಿ. ಆ ಮೆಟ್ಟಿಲುಗಳ ವರ್ಣನೆಯನ್ನು ಬಿಟ್ಟುಬಿಡುತ್ತೇನೆ.

ಸುಜಾತ ಬಾಗಿಲು ತೆರೆದಳು. ಗೋಣಿಚೀಲ ಬಿಚ್ಚಿದಳು. ಐದು ಕಿಲೋ ಅಕ್ಕಿ ಬೆಳಿಗ್ಗೆಯೇ ನೆನೆಹಾಕಿದ್ದಳು. ಅಕ್ಕಿಯನ್ನು ನೋಡಿದಳು, ಕಲ್ಲನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ತವರಿನ ಕಲ್ಲಿಗೋ, ಹೋಗಲಿರುವ ಮರ್ಯಾದೆಗೋ, ಕೇಳುವ ಧೈರ್ಯ ನನಗಾಗಲಿಲ್ಲ.

"ಈಗಲೇ ಮಗನ್‌ಭಾಯಿಯ ಅಂಗಡಿಯಿಂದ ತರುತ್ತೇನೆ!" ಎಂದು ಓಡಿದೆ.

ಮಗನ್‌ಭಾಯಿ ನನ್ನನ್ನು ಮರೆತಿರಲಿಲ್ಲ. "ಆವೋ ದುಬೈ ಸೇಠ್! ಆಖರಿ ಪೀಸ್ ಹೈ. ಚೌತೀಸ್ ಸೌ."

ಉಳಿದದ್ದು ಅದೊಂದೇ, ಮೂರು ಸಾವಿರದ ನಾನೂರು! ಮೂರು ತಿಂಗಳಲ್ಲಿ ಇನ್ನೂರು ರೂಪಾಯಿ ಏರಿಕೆ! ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವನು ಹಣ ಕೊಟ್ಟು ಮಿಕ್ಸರ್ ಎತ್ತಿಕೊಳ್ಳುತ್ತಾನೆ. ನಾನು ಕಲ್ಯಾಣದ ಲೋಕಲ್ ಹತ್ತಿದೆ. ಕಲ್ಯಾಣದಲ್ಲಿ ಅದೇ ಮಿಕ್ಸರಿಗೆ ಮೂರು ಸಾವಿರದ ಐನೂರು ಎಂದರು. ಗೆದ್ದ ಉತ್ಸಾಹದಲ್ಲಿ ಡೊಂಬಿವಲಿಗೆ ಮರಳಿದೆ. ಮಗನ್‌ಭಾಯಿಯ ಕಪಾಟಿನಲ್ಲಿ ಮಿಕ್ಸರಿದ್ದ ಜಾಗ ಖಾಲಿ!

"ಅಭೀ ಬಿಕ್ ಗಯಾ. ಆಪಕೀ ಬಿಲ್ಡಿಂಗ್ ಕೀ ಕುಲಕರ್ಣಿ ಭಾಭಿ ಲೇ ಗಯೀ. ಉನಕಾ ಪುರಾನಾ ಜಲ್ ಗಯಾ ನಾ."

ಕಾಕು ಕೊಂಡೊಯ್ದಿದ್ದರು. ಅವರ ಹಳೆಯದು ಯಾರ ಉದ್ದಿನಿಂದ ಸುಟ್ಟುಹೋಯಿತೆಂದು ನಾನು ವಿಚಾರಿಸಲಿಲ್ಲ. ಮನೆಗೆ ಬಂದು ಕಾಕುವಿನ ಬಾಗಿಲು ತಟ್ಟಿದೆ. ಕಾಕು ಅರ್ಧ ಬಾಗಿಲು ತೆರೆದು, "ನವೀನ್ ಆಹೆ. ಮಸಾಲಾ ನಕೋ," ಎಂದು, ಹೊಸದರಲ್ಲಿ ಮಸಾಲೆ ರುಬ್ಬಲು ಬಿಡದೆ, ನಗುತ್ತಲೇ ಮುಚ್ಚಿದರು.

ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ನಾನು ಪಂಚೆ ಎತ್ತಿ ಕಟ್ಟಿ ಅಡುಗೆಮನೆಯ ನೆಲದ ಮೇಲೆ ಕುಳಿತೆ. ಸುಜಾತ ಅಕ್ಕಿ, ಮೆಣಸು, ಹುಳಿ, ತೆಂಗಿನಕಾಯಿ ಹಾಕುತ್ತಾ ಹೋದಳು. ನಾನು ಗುಂಡುಕಲ್ಲು ತಿರುಗಿಸುತ್ತಾ ಹೋದೆ. ಮಗಳು ಬಾಗಿಲಲ್ಲಿ ನಿಂತು, "ವಾವ್ ಪಪ್ಪಾ, ಔರ್ ಫಾಸ್ಟ್!" ಎಂದು ಹುರಿದುಂಬಿಸಿದಳು. ಎರಡನೇ ಮಹಡಿಯವರು ಬಂದು ಮನೆಯಲ್ಲಿ ಏನು ಒಡೆಯುತ್ತಿದ್ದೀರಿ ಎಂದು ಕೇಳಿ ಹೋದರು. ನಾಲ್ಕನೇ ಕಿಲೋದ ಹೊತ್ತಿಗೆ ಸುಜಾತಳ ಮುಖದಲ್ಲಿ ನಗು ಮೂಡಿತ್ತು. ನನ್ನ ತೋಳುಗಳು ನನ್ನವಾಗಿ ಉಳಿದಿರಲಿಲ್ಲ.

ಸಂಜೆ ಕೆಸುವಿನ ಎಲೆಗೆ ಮಸಾಲೆ ಹಚ್ಚಲು ಸಂಘದ ಹೆಂಗಸರು ಬಂದರು. ಒಬ್ಬರು ಬೆರಳಲ್ಲಿ ಮಸಾಲೆ ಮುಟ್ಟಿ ನೋಡಿ, "ಎಷ್ಟು ನುಣ್ಣಗೆ ಉಂಟು ಸುಜಾತಕ್ಕ! ನಿಮ್ಮ ದುಬೈ ಮಿಕ್ಸರ್ ಬಂತಾ? ಎಲ್ಲುಂಟು, ತೋರಿಸಿ!" ಎಂದರು.

ಸುಜಾತ ಸೌಟಿನಿಂದ ನನ್ನ ಕಡೆ ತೋರಿಸಿದಳು.

"ಇಗೊಳ್ಳಿ, ಇಲ್ಲೇ ಕೂತುಂಟಲ್ಲ. ಕರೆಂಟ್ ಬೇಡ. ಶಬ್ದ ಮಾತ್ರ ಜಾಸ್ತಿ."

"ಗ್ಯಾರಂಟಿ ಉಂಟಾ?"

"ಎಂತದ್ದೂ ಇಲ್ಲ. ಬೇರೆ ಅಂಗಡಿಯಲ್ಲಿ ವಿಚಾರಿಸದೆ ತಗೊಂಡದ್ದು," ಎಂದಳು ಸುಜಾತ.

ನಾನು ತಲೆ ತಗ್ಗಿಸಿ ಐದನೇ ಕಿಲೋ ಕಡೆಯತೊಡಗಿದೆ.