ಪುಟ ೨೧೨ರಿಂದ ಮುಂದಕ್ಕೆ ಓದಿಹೇಳಲು ಅನುಮತಿ ಕೋರಿ

ಇಂದ: ಸೊಸೆ, ಪಠ್ಯಪುಸ್ತಕಗಳ ಕರಡು ತಿದ್ದುವವಳು, ಊಟದ ಮೇಜಿನ ಗೋಡೆ ಕಡೆಯ ತುದಿ.

ಗೆ: ಮಾವನವರು, ನಿವೃತ್ತ ಕಚೇರಿ ಅಧೀಕ್ಷಕರು, ಕಿಟಕಿ ಪಕ್ಕದ ಬೆತ್ತದ ಕುರ್ಚಿ.

ವಿಷಯ: ಕೊಲೆ ಕಾದಂಬರಿಯನ್ನು ಗಟ್ಟಿಯಾಗಿ ಓದುವ ಕೆಲಸಕ್ಕೆ ಅರ್ಜಿದಾರಳನ್ನು ಮರುನೇಮಕ ಮಾಡುವ ಬಗ್ಗೆ.

ಉಲ್ಲೇಖ: ಇಂದು ಬೆಳಗಿನ ತಮ್ಮ ಮೌಖಿಕ ಆದೇಶ: "ಬಾಯಿಮಾತು ಗಾಳಿಮಾತು. ಏನಿದ್ರೂ ಬರೆದು ಕೊಡಮ್ಮ."

ಮಾನ್ಯರೇ,

ನಲವತ್ತು ವರ್ಷ ಕಡತ ನೋಡಿದ ತಾವು ಮನೆಯಲ್ಲೂ ಬರವಣಿಗೆಯಿಲ್ಲದೆ ಫ್ಯಾನು ಕೂಡ ಹಾಕಗೊಡುವುದಿಲ್ಲವಾದ ಕಾರಣ ಈ ಅರ್ಜಿ. ಅರ್ಜಿದಾರಳ ಕೈಬರಹ ಯಾರಿಗೂ ಓದಲಾಗದಂಥದ್ದು. ಆದ್ದರಿಂದ ಅತ್ತೆಯವರು ತರಕಾರಿಗೆ ಹೋದ ಹೊತ್ತು ನೋಡಿ ಅವಳೇ ಖುದ್ದಾಗಿ ಓದಿಹೇಳುತ್ತಾಳೆ.

೧. ಅರ್ಜಿದಾರಳು ಗಂಭೀರ ಓದುಗಾರ್ತಿ. ಅವಳು ಮೆಚ್ಚುವ ಕಾದಂಬರಿಗಳಲ್ಲಿ ನಾಯಕಿ ಮೊದಲ ಅಧ್ಯಾಯದಲ್ಲಿ ಎದ್ದು ನಿಂತರೆ ಮೂರನೆಯದರಲ್ಲಿ ಬಾಗಿಲು ತಲುಪುತ್ತಾಳೆ. ಮುಖಪುಟದಲ್ಲಿ ಪಿಸ್ತೂಲಿರುವ ತಮ್ಮ ಪುಸ್ತಕಗಳನ್ನು ಅವಳು ಎರಡೇ ಬೆರಳಲ್ಲಿ ಎತ್ತಿ ಕಪಾಟಿನ ಹಿಂದಕ್ಕೆ ಸರಿಸುತ್ತಿದ್ದದ್ದು ನಿಜ. ಅವನ್ನು ಒಗೆಯುವ ಬಟ್ಟೆಯ ಜೊತೆ ಇಡಬೇಕೆಂದು ತಮಗೆ ಕೇಳಿಸುವಂತೆ ಹೇಳಿದ್ದೂ ನಿಜ.

೨. ತಮ್ಮ ಕಣ್ಣಿನ ಪೊರೆ ತೆಗೆದ ಮೇಲೆ ಒಂದು ತಿಂಗಳು ಓದಕೂಡದೆಂದು ಡಾಕ್ಟರು ಹೇಳಿದ ಕಾರಣ, ಓದಿಹೇಳುವ ಕೆಲಸ ಅರ್ಜಿದಾರಳ ಕೊರಳಿಗೆ ಬಿತ್ತು. ಮೊದಲ ವಾರ ಅವಳು ನಿಟ್ಟುಸಿರುಗಳನ್ನೂ ಗಟ್ಟಿಯಾಗಿಯೇ ಓದಿದಳು.

೩. ಎರಡನೇ ವಾರ ಕಾದಂಬರಿಯ ವಕೀಲನ ಹೆಣ ನೀರಿನ ಟ್ಯಾಂಕಿನಲ್ಲಿ ಸಿಕ್ಕಿತು. ಅಲ್ಲಿಂದ ಅರ್ಜಿದಾರಳ ನಡತೆ ಕೆಟ್ಟಿತು. ಭೂಗೋಳದ ಕರಡಿನಲ್ಲಿ ನದಿಯೊಂದು ಸಮುದ್ರದಿಂದ ಬೆಟ್ಟ ಹತ್ತುತ್ತಿದ್ದರೂ ಅವಳು ಸುಮ್ಮನೆ ಹತ್ತಗೊಟ್ಟಳು. ಅವಳ ಅನುಮಾನವೆಲ್ಲ ವಕೀಲನ ಟೈಪಿಸ್ಟ್ ಹೆಂಗಸಿನ ಮೇಲಿತ್ತು. "ಇವತ್ತು ಮೂರು ಗಂಟೆಗೇ ಓದೋಣ್ವಾ ಮಾವ, ಆಮೇಲೆ ಕರೆಂಟ್ ಹೋದ್ರೆ?" ಎಂದು ಕೇಳಿದ್ದೂ ಅವಳೇ. "ಹಗಲು ಹೊತ್ತಲ್ಲಿ ಕರೆಂಟ್ ಯಾಕಮ್ಮ?" ಎಂದಿರಿ ತಾವು. "ಮೂಗು ಮುರೀತಿದ್ದೋಳು ಈಗ ಪುಸ್ತಕದಿಂದ ಮೂಗೇ ತೆಗೀತಿಲ್ಲ," ಎಂದು ಅಡುಗೆಮನೆಯಿಂದ ಅತ್ತೆಯವರು.

೪. ಹೀಗಿರುವಲ್ಲಿ ಮೊನ್ನೆ ಗುರುವಾರ, ಪುಟ ೨೧೨ರಲ್ಲಿ, ಟೈಪಿಸ್ಟ್ ಬಾಯಿ ಬಿಡುವಷ್ಟರಲ್ಲಿ ತಾವು ಪುಸ್ತಕ ಕಿತ್ತುಕೊಂಡು, "ತಿಂಗಳು ಮುಗೀತು, ಕಣ್ಣು ಬಂತು. ಈ ಕಸದಿಂದ ನಿನಗೆ ಬಿಡುಗಡೆ," ಎಂದಿರಿ. ಅರ್ಜಿದಾರಳು "ಸದ್ಯ" ಎಂದಳು. ಅವಳ ಹೆಸರಿನಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ದಾಖಲಾಗಿಲ್ಲ.

೫. ಅಂದಿನಿಂದ ತಾವು ದಿನಾ ಎರಡು ಗಂಟೆ ಪುಸ್ತಕ ಹಿಡಿದು ಕೂರುತ್ತೀರಿ. ಕರಡು ತಿದ್ದುವವಳ ಚಾಳಿ, ಕಣ್ಣು ಮೊದಲು ಪುಟಸಂಖ್ಯೆಗೇ ಹೋಗುತ್ತದೆ. ಗುರುವಾರ ೨೧೨. ಶುಕ್ರವಾರ ೨೧೨. ಇಂದು ಶನಿವಾರ, ಅದೇ ೨೧೨. ಪುಸ್ತಕ ಮಾತ್ರ ಮುಖಕ್ಕೆ ಇನ್ನಷ್ಟು ಹತ್ತಿರ. ಒಂದೇ ಪುಟವನ್ನು ಮೂರು ದಿನ ಸವಿಯುವುದು ಗಂಭೀರ ಓದುಗರ ಲಕ್ಷಣವಾದ ಕಾರಣ ಅರ್ಜಿದಾರಳು ಇದನ್ನು ಯಾರಲ್ಲೂ ಪ್ರಸ್ತಾಪಿಸಿಲ್ಲ. "ಎಲ್ಲಿಗೆ ಬಂತ್ರೀ ಕಥೆ?" ಎಂದು ಅತ್ತೆಯವರು ಕೇಳಿದಾಗ ತಾವು "ಬರ್ತಾ ಇದೆ" ಎಂದದ್ದು ಅವಳ ಕಿವಿಗೆ ಬಿದ್ದೇ ಇಲ್ಲ.

ಆದ್ದರಿಂದ, ಕುತೂಹಲ ತಡೆಯಲಾಗದ ಕಾರಣ, ಅದೊಂದೇ ಕಾರಣದಿಂದ, ಬೇರಾವ ಕಾರಣದಿಂದಲೂ ಅಲ್ಲದೆ, ಉಳಿದ ಪುಟಗಳನ್ನು ಗಟ್ಟಿಯಾಗಿ ಓದಲು ಅರ್ಜಿದಾರಳಿಗೆ ಅನುಮತಿ ನೀಡಬೇಕು. ಸೋಮವಾರ ಹತ್ತು ಗಂಟೆಗೆ ಅವಳು ಕಣ್ಣಾಸ್ಪತ್ರೆಯಲ್ಲಿ ತನ್ನ ಕನ್ನಡಕದ ನಂಬರು ನೋಡಿಸಬೇಕಿದೆ. ಅಲ್ಲಿ ಎರಡು ಗಂಟೆ ಕಾಯಿಸುತ್ತಾರೆ, ಓದಲು ಪ್ರಶಸ್ತ ಜಾಗ. ಅವಳಿಗೆ ಒಬ್ಬಳೇ ಹೋಗಲು ಭಯ. ಕಾರಣ ತಾವು ಜೊತೆಗೆ ಬರಬೇಕು.

ಟೈಪಿಸ್ಟ್ ಹೆಂಗಸೊಬ್ಬಳನ್ನು ಬಿಟ್ಟು ಉಳಿದೆಲ್ಲರಲ್ಲೂ ವಿಶ್ವಾಸವುಳ್ಳ,
ತಮ್ಮ ಸೊಸೆ

ಲಗತ್ತುಗಳು:
ಅ) ಪುಸ್ತಕ: ತಮ್ಮ ಕೈಯಲ್ಲೇ ಇರುವುದರಿಂದ ಲಗತ್ತಿಸಿಲ್ಲ.
ಆ) ಆಸ್ಪತ್ರೆಯ ಚೀಟಿ: ಎರಡು. ಎರಡನೆಯದರಲ್ಲಿ ತಮ್ಮ ಹೆಸರು ಅಚಾತುರ್ಯದಿಂದ ನಮೂದಾಗಿದೆ.

ವಿಶೇಷ ಕೋರಿಕೆ: ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ತಮ್ಮಿಂದ ಓದಿಸುವಾಗ ಅರ್ಜಿದಾರಳನ್ನು ಹೊರಗಿನ ಬೆಂಚಿನಲ್ಲೇ ಬಿಟ್ಟು ಹೋಗಬೇಕು. ತಾವು ಬರುವವರೆಗೆ ಅವಳು ಪುಸ್ತಕ ತೆರೆಯುವುದಿಲ್ಲ.