ಮುಕ್ಕಾಲು ಕೆಜಿಯ ಐನೂರು ವ್ಯಾಟಿಗೆ ಒಂದು ಬಿನ್ನವತ್ತಳೆ

ಇವರಿಗೆ,
ಶ್ರೀಮಾನ್ ಎಸ್‌ಎಂಪಿಎಸ್ ಅವರು,
ಸ್ಟಿಕ್ಕರಿನ ಪ್ರಕಾರ ಐನೂರು ವ್ಯಾಟ್,
ಸದ್ಯದ ಬಿಡಾರ: ರಿಯಾಜ್ ಅವರ ರಿಪೇರಿ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆ, ಚಾಮರಾಜನಗರ.

ಮಾನ್ಯರೇ,

ತಾವು ಕ್ಷೇಮವಾಗಿ, ಮುಖ್ಯವಾಗಿ ತಣ್ಣಗೆ ಇರುವಿರೆಂದು ನಂಬಿ, ಊರೆಲ್ಲ ಓದಲೆಂದು ಈ ಪತ್ರ ಬರೆಯುತ್ತಿದ್ದೇನೆ. ಇತ್ತ ಗುಂಡ್ಲುಪೇಟೆಯಲ್ಲಿ, ಈರುಳ್ಳಿ ಮಂಡಿಯ ಹಿಂದಿನ ಬೀದಿಯ ನಮ್ಮ ವಿಡಿಯೊ ಮಿಕ್ಸಿಂಗ್ ಕೋಣೆಯಲ್ಲಿ ನಾನು ಕ್ಷೇಮ, ನಮ್ಮ ಯಜಮಾನರಾದ ಕ್ಯಾಮೆರಾ ಮಾದೇಶ ಅವರೂ ಕ್ಷೇಮ, ತಾವು ನೆನಪಿಗೆಂದು ಗೋಡೆಯ ಮೇಲೆ ಬಿಟ್ಟುಹೋದ ಮಸಿಯೂ ಎರಡು ಬಾರಿಯ ಸುಣ್ಣಕ್ಕೆ ಜಗ್ಗದೆ ಕ್ಷೇಮವಾಗಿದೆ.

ತಮ್ಮ ಹಿರಿಮೆ ಎಲ್ಲರಿಗೂ ತಿಳಿದಿರಲಾರದು. ಕಂಪ್ಯೂಟರಿನ ಹೊರಡಬ್ಬಕ್ಕೆ ಕ್ಯಾಬಿನೆಟ್ ಎನ್ನುತ್ತಾರೆ, ಆ ಕ್ಯಾಬಿನೆಟ್ಟಿನಲ್ಲಿ ಇಂಧನ ಖಾತೆ ತಮ್ಮದು. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟನ್ನು ಇಸಿದುಕೊಂಡು, ಹದಮಾಡಿ, ಒಳಗಿರುವವರಿಗೆಲ್ಲ ಅವರವರ ಪಾಲು ಹಂಚುವ ಗುರುತರ ಹೊಣೆ. ಅನೇಕ ಕ್ಯಾಬಿನೆಟ್ಟುಗಳಲ್ಲಿ ಆಗುವಂತೆ ತಾವೂ ಯೋಗ್ಯತೆ ನೋಡಿ ಆರಿಸಿದವರಲ್ಲ, ಡಬ್ಬದ ಜೊತೆಗೆ ಪುಕ್ಕಟೆ ಬಂದವರು. ಆದರೂ ತಮ್ಮ ಬೆನ್ನ ಮೇಲೆ ಬಂಗಾರದ ಬಣ್ಣದ ಸ್ಟಿಕ್ಕರಿನಲ್ಲಿ 'ಐನೂರು ವ್ಯಾಟ್' ಎಂದು ಹೊಳೆಯುತ್ತಿದ್ದುದನ್ನು ಕಂಡು ನಾವು ಕೈಮುಗಿದೆವು. ವ್ಯಾಟ್ ಎಂಬ ಹೊಸ ತೆರಿಗೆ ಬಂದು ವ್ಯಾಪಾರಿಗಳೆಲ್ಲ ಬೆವರುತ್ತಿದ್ದ ದಿನಗಳಾದ್ದರಿಂದ, ಎದುರುಮನೆಯ ಈರುಳ್ಳಿ ಮಂಡಿ ಹಿದಾಯತ್ ಉಲ್ಲಾ ಸಾಹೇಬರು ಮಾತ್ರ ಅದನ್ನೋದಿ, "ಅಯ್ಯೋ, ಈ ಡಬ್ಬಕ್ಕೂ ಐನೂರು ವ್ಯಾಟ್ ಹಾಕ್ಬುಟ್ರಾ?" ಎಂದು ಮರುಗಿದ್ದರು.

ಈ ಊರಿನಲ್ಲಿ ರೇಷನ್ ಕಾರ್ಡು, ಓಟಿನ ಕಾರ್ಡು, ಮದುವೆ ಕಾರ್ಡು ಕಂಡವರಿದ್ದರೇ ಹೊರತು ಗ್ರಾಫಿಕ್ಸ್ ಕಾರ್ಡು ಕಂಡವರಿರಲಿಲ್ಲ. ಅದನ್ನು ನಮ್ಮ ಕೋಣೆಗೆ ಬರಮಾಡಿದವರು ಸಾಹೇಬರ ಮನೆಯವರಾದ ನಜೀಮಾ ಅವರು. ಮಗಳು ಅಸ್ಮಾಳ ಮದುವೆಯ ವಿಡಿಯೊ ನಮ್ಮಲ್ಲಿ ಮಿಕ್ಸಿಂಗಿಗೆ ಕೂತಿದ್ದಾಗ ಬಂದು, "ಮೈಸೂರಲ್ಲಿ ನಮ್ ತಂಗಿ ಮಗಳ ಸೀಡೀಲಿ ಮದುಮಗಳು ಗುಲಾಬಿ ಒಳಗಿಂದ ಎದ್ದು ಬತ್ತಾಳೆ ಕಣಮ್ಮಾ, ನಮ್ ಅಸ್ಮಾ ಏನ್ ಪಾಪ ಮಾಡವ್ಳೆ?" ಎಂದು ಕೇಳಿದರು. ಹೆಣ್ಣನ್ನು ಗುಲಾಬಿಯೊಳಗಿಂದ ಎಬ್ಬಿಸುವಷ್ಟು ಕಸುವು ನಮ್ಮ ಹಳೆಯ ಕಂಪ್ಯೂಟರಿಗೆ ಇರಲಿಲ್ಲವಾದ್ದರಿಂದ ಕಾರ್ಡು ತಂದೆವು. ಅದರ ಪೆಟ್ಟಿಗೆಯ ಮೇಲೆ, ನಾನೂರು ವ್ಯಾಟ್ ಇಲ್ಲದ ಮನೆಗೆ ನನ್ನನ್ನು ಕರೆದೊಯ್ಯಬೇಡಿ ಎಂಬರ್ಥದ ಎಚ್ಚರಿಕೆಯಿತ್ತು. ನಾನು ಅನುಮಾನಿಸಿದೆ. ಯಜಮಾನರು, "ಅದು ನಾನೂರು ಕೇಳ್ತದೆ, ನಮ್ತಾವ ಐನೂರು ಅದೆ. ಇನ್ನೂ ನೂರು ಮಿಕ್ತದೆ ಬುಡು, ಅದ್ರಲ್ಲಿ ಒಂದ್ ಬಲ್ಬ್ ಉರಿಸನ" ಎಂದರು. ತಾವು ಅವರ ಮಾತನ್ನು ಹುಸಿಗೊಳಿಸಲಿಲ್ಲ. ಉರಿಸುವ ಭಾಗವನ್ನಂತೂ ಅಕ್ಷರಶಃ ನಡೆಸಿಕೊಟ್ಟಿರಿ.

ಆ ವಿಡಿಯೊ ಯಾರಿಗಾಗಿ ಎಂಬುದನ್ನು ತಮಗೆ ತಿಳಿಸದೇ ಹೋದದ್ದು ನಮ್ಮ ತಪ್ಪು. ಸಾಹೇಬರ ತಾಯಿ, ಬೀದಿಗೆಲ್ಲ ದಾದಿಮಾ. ಮದುವೆಯ ಹೊತ್ತಿಗೆ ಅವರ ಎರಡು ಕಣ್ಣಿಗೂ ಪೊರೆ ಬಂದು, ಮದುಮಗಳೆಂದರೆ ಒಂದು ಕೆಂಪು ಮಬ್ಬು, ಮದುಮಗನೆಂದರೆ ಒಂದು ಬಿಳಿ ಮಬ್ಬು, ಬಿರಿಯಾನಿ ಮಾತ್ರ ವಾಸನೆಯಿಂದ ಸ್ಪಷ್ಟ. ಮೂರು ದಿನವೂ ಮದುವೆಯ ನಟ್ಟನಡುವೆ ಕೂತಿದ್ದು ಮದುವೆ ನೋಡದೇ ಹೋದ ಏಕೈಕ ವ್ಯಕ್ತಿ. ಆಮೇಲೆ ಒಂದು ಕಣ್ಣಿಗೆ ಆಪರೇಷನ್ ಆಯಿತು, ಒಂದು ತಿಂಗಳು ಟಿವಿ ನೋಡಕೂಡದೆಂದು ಡಾಕ್ಟರು ಹೇಳಿದರು, ದಾದಿಮಾ ದಿನವೆಣಿಸುತ್ತ ಕೂತರು. ಗಡುವು ಮುಗಿಯುವುದು ಶುಕ್ರವಾರ. ತಾವು ಸಿಡಿದದ್ದು ಅದರ ಹಿಂದಿನ ಮಂಗಳವಾರ, ಮಧ್ಯಾಹ್ನ ಮೂರಕ್ಕೆ.

ಅಸ್ಮಾ ಗುಲಾಬಿಯಿಂದ ಸೊಂಟದವರೆಗೆ ಎದ್ದಿದ್ದಳು, ಇನ್ನೇನು ಪೂರ್ತಿ ಏಳಬೇಕು, ಅಷ್ಟರಲ್ಲಿ ಕಾರ್ಡು ತನ್ನ ಪಾಲು ಕೇಳಿತು, ತಾವು ಪ್ರಾಣವನ್ನೇ ಕೊಟ್ಟಿರಿ. ಆ ನೀಲಿ ಮಿಂಚು, ಆ ಢಮ್ಮೆಂಬ ಸದ್ದು, ಆ ವಾಸನೆ! ಯಾವ ಗ್ರಾಫಿಕ್ಸ್ ಕಾರ್ಡಿಗೂ ಬಾರದ ಎಫೆಕ್ಟು. ಬೇರೆಯವರು ಹೊಗೆ ಹಾಕಿಸಿಕೊಳ್ಳುತ್ತಾರೆ, ತಾವು ಸ್ವಂತ ಖರ್ಚಿನಲ್ಲಿ ಹೊಗೆ ಬಿಟ್ಟುಕೊಂಡು ಹೋದಿರಿ. ತಮಗಿದ್ದ ಒಬ್ಬನೇ ಫ್ಯಾನ್ ಕೂಡ ಆ ಕ್ಷಣವೇ ತಮ್ಮ ಹಿಂದೆ ತಿರುಗುವುದನ್ನು ಬಿಟ್ಟ.

ಸದ್ದಿಗೆ ಮಂಡಿಯಿಂದ ಓಡಿಬಂದ ಹಿದಾಯತ್ ಸಾಹೇಬರು, ಯಜಮಾನರು ಬಿಚ್ಚಿ ಹೊರಗಿಟ್ಟಿದ್ದ ತಮ್ಮನ್ನು ಎತ್ತಿಕೊಂಡರು. ಎತ್ತಿಕೊಂಡವರು ಅಂಗೈಯಲ್ಲಿ ಎರಡು ಸಲ ಕುಲುಕಿ ತೂಗಿ, ಮೇಲಕ್ಕೂ ಕೆಳಕ್ಕೂ ನೋಡಿ, "ಮುಕ್ಕಾಲು ಕೆಜಿ. ಒಳಗೇನೂ ಇಲ್ಲ ಕಣಮ್ಮಾ ಇದ್ರಲ್ಲಿ, ಬರೀ ಸಿಪ್ಪೆ" ಎಂದುಬಿಟ್ಟರು. ನಾನು ಸ್ಟಿಕ್ಕರು ತೋರಿಸಿದೆ. ಅವರು ನಕ್ಕ ನಗೆ ತಮಗೂ ಕೇಳಿಸಿರಬೇಕು. "ನಲವತ್ತು ವರ್ಸದಿಂದ ಚೀಲದ ಮ್ಯಾಲೆ ಬರ್ದಿರೋ ತೂಕ ನೋಡಿ ನಾನು ಒಂದೇ ಒಂದು ಚೀಲ ಇಳಿಸ್ಕೊಂಡಿಲ್ಲ. ನೀನು ಬಿಎ ಓದ್ಬುಟ್ಟು ಸ್ಟಿಕ್ಕರ್ ನಂಬ್ಬುಟ್ಟೆಯಲ್ಲಾ ಮಗಳೇ?" ಈರುಳ್ಳಿ ಮಂಡಿಯ ನೆರಳಿನಲ್ಲೇ ಬೆಳೆದು, ಹತ್ತು ಕೆಜಿ ಈರುಳ್ಳಿಯನ್ನೂ ತೂಗಿಸದೆ ಕೊಳ್ಳದ ನಾನು, ಮನೆಗೆ ಬೆಂಕಿ ಕೊಡಬಲ್ಲ ಡಬ್ಬವನ್ನು ಬೆನ್ನಬರಹ ನೋಡಿ ಒಳಗೆ ಬಿಟ್ಟುಕೊಂಡಿದ್ದೆ.

ಆಮೇಲೆ ನಾನು ವಿಷಯ ಹೇಳಿದೆ, ಅವರ ನಗು ನಿಂತಿತು. ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅದೇ ಕ್ಯಾಸೆಟ್ಟಿಗೆ ಮುಂದಿನ ಶುಭಕಾರ್ಯ ತುಂಬುವುದು ನಮ್ಮ ಕಸುಬಿನ ವಾಡಿಕೆ. ಗೋಣಿಚೀಲವನ್ನು ಒಂದು ಸಲ ಬಳಸಿ ಎಸೆಯುವ ಊರಲ್ಲ ಇದು. ಅಸ್ಮಾಳ ನಿಕಾ ಇದ್ದ ಕ್ಯಾಸೆಟ್ಟಿನ ಮೇಲೆ ಯಜಮಾನರು ಅದಾಗಲೇ ಚಂದಕವಾಡಿಯ ಪುಟ್ಟಮಲ್ಲಪ್ಪನವರ ಮೊಮ್ಮಗನ ನಾಮಕರಣ ತುಂಬಿದ್ದರು. ಮದುವೆ ಉಳಿದಿದ್ದದ್ದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ, ಹಾರ್ಡ್ ಡಿಸ್ಕನ್ನು ತಾವು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿದ್ದಿರಿ. ಸಾಹೇಬರು ಸ್ಟೂಲಿನ ಮೇಲೆ ಕೂತು, "ಅಮ್ಮಂಗೆ ಏನಂತ ಹೇಳ್ಲಿ?" ಎಂದಷ್ಟೇ ಕೇಳಿದರು. ನಾನು ತಿರುಪುಳಿ ಹುಡುಕಿ ಹಾರ್ಡ್ ಡಿಸ್ಕನ್ನು ಬಿಚ್ಚತೊಡಗಿದೆ, ಮಾನ್ಯರೇ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ತಮ್ಮನ್ನೂ ತಮ್ಮ ಬಲಿಪಶುಗಳನ್ನೂ ಟವೆಲಿನಲ್ಲಿ ಸುತ್ತಿಕೊಂಡು ಚಾಮರಾಜನಗರಕ್ಕೆ ಹೋದೆ. ಅಲ್ಲಿ ರಿಯಾಜ್ ತಮ್ಮ ಹೊಟ್ಟೆ ಬಗೆದು ತೋರಿಸಿದಾಗ, ಒಳಗಿದ್ದ ಬಿಡಿಭಾಗಗಳ ನಡುವೆ ಸೈಕಲ್ಲು ಓಡಿಸುವಷ್ಟು ಬಯಲಿತ್ತು. "ಅಕ್ಕಾ, ದೊಡ್ಡಕ್ಷರ ಓದ್ಬೇಡಿ, ಅದು ಜಾತ್ರೆ ಬೋರ್ಡು. ಕೆಳಗೆ ಹನ್ನೆರಡು ವೋಲ್ಟ್ ಅಂತ ಒಂದು ಸಾಲು ಇರ್ತದೆ, ಕಾರ್ಡು ಊಟ ಮಾಡೋದು ಅಲ್ಲಿಂದ. ಅದ್ರ ಮುಂದೆ ಎಷ್ಟು ಆಂಪಿಯರ್ ಅಂತ ಓದಿ" ಎಂದರು. ಇರುವೆ ಗಾತ್ರದ ಅಕ್ಷರದಲ್ಲಿ ಹತ್ತು ಎಂದಿತ್ತು. ಹನ್ನೆರಡು ಹತ್ತಲಿ ನೂರ ಇಪ್ಪತ್ತು ವ್ಯಾಟ್. ಕಾರ್ಡಿನ ಪೆಟ್ಟಿಗೆ ಅದೇ ಸಾಲಿನಲ್ಲಿ ಇಪ್ಪತ್ತಾರು ಆಂಪಿಯರ್ ಕೇಳಿತ್ತು, ಅದೂ ಸಣ್ಣಕ್ಷರದಲ್ಲೇ. ತಮ್ಮ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ: ಸುಳ್ಳನ್ನು ಬಂಗಾರದಲ್ಲಿ ಬರೆಸಿಕೊಂಡರೂ ನಿಜವನ್ನು ಮುಚ್ಚಿಡಲಿಲ್ಲ, ಭೂತಗನ್ನಡಿ ತರದೇ ಹೋದದ್ದು ನಮ್ಮ ಉಡಾಫೆ.

ಡಿಸ್ಕಿನ ಒಳಗಿನ ತಟ್ಟೆ ಚೆನ್ನಾಗಿದೆ, ಅಡಿಯ ಹಸಿರು ಬೋರ್ಡು ಮಾತ್ರ ಸುಟ್ಟಿದೆ, ಅದೇ ಕಂಪನಿಯ ಅದೇ ನಂಬರಿನ ಇನ್ನೊಂದು ಡಿಸ್ಕು ಸಿಕ್ಕರೆ ಬೋರ್ಡು ಬದಲಿಸಿ ನೋಡಬಹುದೆಂದರು ರಿಯಾಜ್. ನಮ್ಮ ಕಂಪ್ಯೂಟರ್ ಜೋಡಿಸಿದ ದಿನವೇ, ಅದೇ ಅಂಗಡಿಯಲ್ಲಿ, ಅದರ ಜೋಡಿಯನ್ನು ಸ್ವಂತ ಜೆರಾಕ್ಸ್-ಪ್ರಿಂಟ್ ಅಂಗಡಿಗೆ ಕೊಂಡೊಯ್ದಿದ್ದವರು ಯಾರೆಂದರೆ, ಚಂದಕವಾಡಿಯ ಅದೇ ಪುಟ್ಟಮಲ್ಲಪ್ಪನವರು. ಯಾರ ಮನೆಯ ನಾಮಕರಣದಡಿ ಮದುವೆ ಅಳಿಸಿಹೋಗಿತ್ತೋ ಅವರ ಮುಂದೆಯೇ ಹೋಗಿ ನಿಂತೆ. ಅವರು ಪೂರ್ತಿ ಕೇಳಿಸಿಕೊಂಡು, "ನಮ್ ಮಗೀನ ಯೆಸರು ಅವರ ಮದ್ವೆ ಮ್ಯಾಲೆ ಬಂದ್ಬುಡ್ತಾ? ಒಳ್ಳೆ ಕತೆ ಆಯ್ತಲ್ಲವ್ವಾ. ಬಿಚ್ಕೊಂಡೋಗು, ಎಲ್ಡ್ ದಿನ ಪ್ರಿಂಟ್ ಇಲ್ದಿದ್ರೆ ಚಂದಕವಾಡಿ ಏನ್ ಮುಳ್ಗೋಗಕಿಲ್ಲ" ಎಂದು ಸ್ವತಃ ತಿರುಪು ಬಿಚ್ಚಿ ಕೊಟ್ಟರು. ಅವರ ಡಬ್ಬದಲ್ಲೂ ತಮ್ಮ ಒಡಹುಟ್ಟಿದವರೊಬ್ಬರು, ಕಾರ್ಡಿಲ್ಲದ ಕಾರಣ, ಮರ್ಯಾದೆಯಿಂದ ಬಾಳುತ್ತಿದ್ದರು.

ಬೋರ್ಡು ಕೂತಿತು, ಡಿಸ್ಕು ಗುಂಯ್ ಎಂದಿತು, ಅಸ್ಮಾ ಎದ್ದು ಬಂದಳು. ಗುರುವಾರ ರಿಯಾಜ್ ಗುಂಡ್ಲುಪೇಟೆಯ ನಮ್ಮ ಕೋಣೆಗೇ ಬಂದು ಸುಟ್ಟಿದ್ದನ್ನೆಲ್ಲ ಬದಲಿಸಿ, ತಮ್ಮ ಸ್ಥಾನಕ್ಕೆ ಹೊಸಬರನ್ನು ಕೂರಿಸಿದರು. ಕೂರಿಸುವ ಮೊದಲು ಹಿದಾಯತ್ ಸಾಹೇಬರು ಅವರನ್ನು ಮಂಡಿಯ ತಕ್ಕಡಿಗಿಟ್ಟು ಎರಡೂಕಾಲು ಕೆಜಿ ತೂಗಿಸಿದರು, ಆಮೇಲೆ ನನ್ನಿಂದ ಹನ್ನೆರಡು ವೋಲ್ಟಿನ ಸಾಲನ್ನು ಗಟ್ಟಿಯಾಗಿ ಮೂರು ಸಲ ಓದಿಸಿದರು. ಮೂವತ್ತು ಆಂಪಿಯರ್. ಮೂರನೆಯ ಸಲ, ನಿಕಾದಲ್ಲಿ ಒಪ್ಪಿಗೆ ಕೊಡುವವರಂತೆ, "ಕಬೂಲ್" ಎಂದರು.

ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ತಮ್ಮ ಕುಲದವರೆಲ್ಲ ಇನ್ನು ಮುಂದೆ ಸಿಡಿಯುವ ಒಂದು ವಾರ ಮೊದಲು ಲಿಖಿತ ನೋಟೀಸು ಕೊಡುವಂತಾಗಲಿ, ಶುಭಕಾರ್ಯದ ಮನೆಗಳನ್ನು ಬಿಟ್ಟು ಸಿಡಿಯಲಿ, ಮತ್ತು ಸ್ಟಿಕ್ಕರಿನಲ್ಲಿ ಮಾತ್ರ ಇರುವ ಆ ಉಳಿದ ವ್ಯಾಟುಗಳನ್ನು ಎಲ್ಲಿ ಬಚ್ಚಿಟ್ಟಿದ್ದೀರೆಂದು ತಿಳಿಸಿದರೆ ನಮ್ಮ ಬೀದಿದೀಪಕ್ಕಾದರೂ ಜೋಡಿಸಿಕೊಳ್ಳುತ್ತೇವೆ.

ಶುಕ್ರವಾರ ನಮಾಜು ಮುಗಿದ ಮೇಲೆ ಎದುರುಮನೆಯಲ್ಲಿ ಸೀಡಿ ಹಾಕಿದೆವು. ಗುಲಾಬಿ ಅರಳಿತು, ಪಾರಿವಾಳ ಹಾರಿತು, ಹೃದಯಗಳು ಉದುರಿದವು, ಜಲಪಾತ ಧುಮ್ಮಿಕ್ಕಿತು. ನಜೀಮಾ ಅವರು ಕಣ್ಣೊರೆಸಿಕೊಂಡರು. ದಾದಿಮಾ ಹತ್ತು ನಿಮಿಷ ಸಹಿಸಿಕೊಂಡು, "ಏ ರಂಜಿನಿ, ನನ್ ಕಣ್ಣಿನ ಪೊರೆ ತೆಗಿಸ್ಕೊಂಡು ಬಂದ್ರೆ ನೀನು ಟಿವಿಗೆ ಪೊರೆ ಬರಿಸ್ಬುಟ್ಟಿದ್ದೀಯಲ್ಲಾ! ಈ ಹೂವ ಎಲ್ಲಾ ಎತ್ತಾಕು, ನನ್ ಮೊಮ್ಮಗಳು ಕಾಣ್ತಾ ಇಲ್ಲ" ಎಂದರು. ಎತ್ತಿಹಾಕಿದೆ, ಮಾನ್ಯರೇ. ಒಂದೊಂದು ದಳವನ್ನೂ ಎತ್ತಿಹಾಕಿದೆ. ಸಂಜೆಗೆ ಉಳಿದದ್ದು ಬರೀ ಮದುವೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡೂ ಬೇಕಿರಲಿಲ್ಲ, ನಾನೂರು ವ್ಯಾಟೂ ಬೇಕಿರಲಿಲ್ಲ. ತಮ್ಮ ನೂರ ಇಪ್ಪತ್ತರಲ್ಲೇ ಸುಖವಾಗಿ ಮುಗಿಯುತ್ತಿತ್ತು.

ಆ ಬರೀ ಮದುವೆಯನ್ನು ದಾದಿಮಾ ಬಗ್ಗಿ ಕೂತು ನೋಡಿದರು. ಮದುಮಗಳನ್ನು ಕಳಿಸಿಕೊಡುವ ದೃಶ್ಯದಲ್ಲಿ ಅಸ್ಮಾ ಅಜ್ಜಿಯ ಮುಂದೆ ತಲೆ ತಗ್ಗಿಸಿದಳು. ಟಿವಿಯೊಳಗಿನ ದಾದಿಮಾ ಕೈಯೆತ್ತಿ, ಪಕ್ಕದಲ್ಲಿ ಕೆಂಪು ದುಪಟ್ಟಾ ಹೊದ್ದು ಅಳುತ್ತಿದ್ದ ಚಿಕ್ಕ ಮೊಮ್ಮಗಳು ಫರ್ಹೀನಳ ತಲೆಯ ಮೇಲಿಟ್ಟು, ಪೂರಾ ಆಶೀರ್ವಾದ ಅವಳಿಗೇ ಸುರಿದುಬಿಟ್ಟರು. ಮದುವೆಯ ದಿನ ಅದನ್ನು ಕಂಡವರು ಯಾರೂ ಅವರಿಗೆ ಹೇಳಿರಲಿಲ್ಲ. ಟಿವಿಯ ಹೊರಗಿನ ದಾದಿಮಾ ಮಗನತ್ತ ತಿರುಗಿ, "ನಾಳೆ ಅಸ್ಮಾನ ಕರ್ಕೊಂಡ್ ಬಾ" ಎಂದರು. ಶನಿವಾರ ಅವಳು ಗಂಡನೊಂದಿಗೆ ಚಾಮರಾಜನಗರದಿಂದ ಬಂದು ಬಾಗಿಲಲ್ಲೇ ತಲೆ ತಗ್ಗಿಸಿದಳು. ದಾದಿಮಾ ಗಲ್ಲ ಹಿಡಿದು ಅವಳ ಮುಖವೆತ್ತಿ, ಸಣ್ಣಕ್ಷರ ಓದುವವರಂತೆ ಬಹಳ ಹೊತ್ತು ನೋಡಿ, ಖಾತ್ರಿಯಾದ ಮೇಲೆ ಕೈಯಿಟ್ಟರು.

ಇಂತಿ, ಒಂದು ಕಾಲಕ್ಕೆ ತಮ್ಮ ಸ್ಟಿಕ್ಕರಿಗೂ ಈಗ ತಕ್ಕಡಿಗೂ ವಿಶ್ವಾಸಿಯಾದ,
ಶಿವರಂಜಿನಿ ಮಾದೇಶ, ಗುಂಡ್ಲುಪೇಟೆ

ತಾ.ಕ.: ಮೊದಲು ಬಿದ್ದ ಆಶೀರ್ವಾದವೂ ವ್ಯರ್ಥವಾಗಿಲ್ಲ, ಫರ್ಹೀನಳಿಗೆ ಸಂಬಂಧ ಕುದುರಿದೆ, ವಿಡಿಯೊ ನಮ್ಮದೇ. ತಮ್ಮ ಕುಲಬಾಂಧವರು ಈ ಪತ್ರ ಓದಿ, ಇನ್ನು ತೂಕ ಹೆಚ್ಚಿಸಿಕೊಳ್ಳಲು ಹೊಟ್ಟೆಯೊಳಗೆ ಕಬ್ಬಿಣದ ತುಂಡು ಇಟ್ಟುಕೊಂಡು ಬರುವ ಯೋಚನೆ ಮಾಡಬಹುದು. ಬರಲಿ. ಈರುಳ್ಳಿ ಚೀಲದ ನಡುವೆ ಮಣ್ಣಿನ ಹೆಂಟೆ ಸೇರಿಸುವ ವಿದ್ಯೆಯನ್ನು ನಲವತ್ತು ವರ್ಷದಿಂದ ಪತ್ತೆಹಚ್ಚಿ ಹಿಡಿದ ಕೈ ಎದುರುಮನೆಯಲ್ಲೇ ಇದೆ.